ಎದುರು ಮನೆಯ ಬಾಯಿ

ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಯಾರೂ ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳುವಂತಿಲ್ಲ. ಎದುರು ಮನೆಯವರೇ ಹೇಳಬೇಕು. ಗಂಡನ ನೋವನ್ನು ಹೆಂಡತಿ ಹೇಳುವಂತಿಲ್ಲ, ಮಗುವಿನ ಜ್ವರವನ್ನು ತಾಯಿ ಹೇಳುವಂತಿಲ್ಲ. ಹೇಳಲು ಹೋದರೆ ಡಾಕ್ಟರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಹೊರಗಿನ ಹುಣಸೆಮರ ನೋಡುತ್ತಾ ಕೂತುಬಿಡುತ್ತಾರೆ. ಬೇರೆ ಊರಿನಿಂದ ವರ್ಗವಾಗಿ ಬಂದ ಡಾಕ್ಟರುಗಳು ಮೊದಮೊದಲು ಇದನ್ನು ಕೇಳಿ ನಗುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಅವರೂ ಕುರ್ಚಿ ತಿರುಗಿಸುವುದನ್ನು ಕಲಿತಿರುತ್ತಾರೆ.

ಆಸ್ಪತ್ರೆಯ ಜಗಲಿಯಲ್ಲಿ ಎರಡು ಬೆಂಚುಗಳಿವೆ. ಗೋಡೆಗೆ ಒರಗಿದ್ದು ಬಾಯಿಗಳ ಬೆಂಚು, ಕಂಬದ ಪಕ್ಕದ್ದು ಮೈಗಳ ಬೆಂಚು. ಹೇಳುವವರನ್ನು ನಾವು ಬಾಯಿ ಅನ್ನುತ್ತೇವೆ, ಕಾಯಿಲೆ ಬಿದ್ದವರನ್ನು ಮೈ ಅನ್ನುತ್ತೇವೆ. ಮೊದಲು ಬಾಯಿ ಒಬ್ಬಳೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಹೇಳಬೇಕು. ಆಮೇಲೆ ಮೈಯನ್ನು ಕರೆದು ಮುಟ್ಟಿ ನೋಡುತ್ತಾರೆ. ಒಳಗೆ ಏನು ಹೇಳಿದೆ ಎಂದು ಮೈ ಬಾಯಿಯನ್ನು ಕೇಳುವಂತಿಲ್ಲ, ಅದು ಅಪಮಾನ. ಕೌಂಟರಿನಲ್ಲಿ ಮಾತ್ರೆ ಇಸಿದುಕೊಳ್ಳುವುದೂ ಬಾಯಿಯ ಕೆಲಸವೇ. ಡಾಕ್ಟರು ಒಬ್ಬರೇ, ಜನ ಜಾತ್ರೆಯಷ್ಟು, ಆದ್ದರಿಂದ ಒಂದು ಸಲಕ್ಕೆ ಒಂದೇ ಕಾಯಿಲೆ. ಮುಂದಿನದ್ದನ್ನು ಹೇಳಿಸಬೇಕೆಂದರೆ ಮುಂದಿನ ತಿಂಗಳವರೆಗೆ ಕಾಯಬೇಕು.

ಹೀಗಾಗಿ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಎದುರು ಮನೆ ಯಾರದೆಂದು ವಿಚಾರಿಸುತ್ತಾರೆ. ಎದುರಿಗೆ ಬಯಲಿರುವ ಮನೆಗೆ ಬಾಡಿಗೆಗೆ ಯಾರೂ ಬರುವುದಿಲ್ಲ. ಹಬ್ಬದ ಹೋಳಿಗೆ ಮೊದಲು ಎದುರು ಮನೆಗೆ, ಆಮೇಲೆ ದೇವರಿಗೆ. ಬೀದಿ ಕಡೆಯ ಕಿಟಕಿಗೆ ಪರದೆ ಹಾಕುವವರಿಲ್ಲ, ಹಾಕಿದರೆ "ಸಾಯೋಕೆ ಹೊರಟವ್ಳೇನೋ" ಅನ್ನುತ್ತಾರೆ. ಎದುರು ಮನೆಯವರು ನಮ್ಮನ್ನು ನೋಡಿರಬೇಕು, ಆಗ ತಾನೇ ಸರಿಯಾಗಿ ಹೇಳುವುದು.

ಇದರಿಂದ ಊರಲ್ಲಿ ಒಗ್ಗಟ್ಟಿದೆ ಎಂದು ಪಂಚಾಯ್ತಿಯವರು ಭಾಷಣ ಮಾಡುತ್ತಾರೆ. ಒಗ್ಗಟ್ಟೂ ಇಲ್ಲ, ಮಣ್ಣೂ ಇಲ್ಲ, ಇರುವುದು ಭಯ. ನನ್ನ ಹೊಟ್ಟೆಯೊಳಗಿನ ಸಮಾಚಾರ ಇನ್ನೊಬ್ಬಳ ನಾಲಿಗೆಯ ಮೇಲೆ ಕೂತು ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಯಾರಿಗೆ ತಾನೇ ನಿದ್ದೆ ಬಂದೀತು? ನಾನಂತೂ ಯಾರನ್ನೂ ಪೂರ್ತಿ ನಂಬಿದವಳಲ್ಲ. ಹಾಲಿನವನು ಅಳೆಯುವಾಗ ಪಾವಿನೊಳಗೆ ಅವನ ಹೆಬ್ಬೆರಳು ಎಲ್ಲಿದೆ ಎಂದು ನೋಡುವವಳು ನಾನು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನನ್ನದೊಂದು ಬೋಂಡದ ಅಂಗಡಿಯಿದೆ. ದಿನಕ್ಕೆ ನೂರು ಜನರನ್ನು ನೋಡುವವಳಿಗೆ ಮುಖ ನೋಡಿದ ಕೂಡಲೇ ಒಳಗಿನದು ಗೊತ್ತಾಗುತ್ತದೆ ಎಂದು ನನ್ನ ನಂಬಿಕೆ.

ನಮ್ಮ ಎದುರು ಮನೆಯವಳು ಸಿದ್ದಗಂಗಮ್ಮ. ಬ್ಲೌಸು, ಲಂಗ ಹೊಲಿಯುತ್ತಾಳೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಾದ್ದರಿಂದ ಗಂಗಕ್ಕ ಅನ್ನುತ್ತೇನೆ. ಮಾತು ಬಹಳ ಕಡಿಮೆ. ನಾನು ಹತ್ತು ಮಾತಾಡಿದರೆ "ಹೂಂ" ಅನ್ನುತ್ತಾಳೆ, ಅದೂ ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಕಡಿಮೆ ಮಾತಿನವರ ಹೊಟ್ಟೆಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು! ಇಂಥವಳು ನನ್ನ ಬಾಯಿ, ನಾನು ಅವಳ ಬಾಯಿ.

ಈ ವರ್ಷ ಬೇಸಿಗೆ ಶುರುವಾದಾಗಿನಿಂದ ನನಗೆ ತಲೆಸುತ್ತು. ಕಾದ ಎಣ್ಣೆಯ ಬಾಣಲೆಯ ಮುಂದೆ ನಿಂತಾಗ ಇದ್ದಕ್ಕಿದ್ದ ಹಾಗೆ ಅಂಗಡಿಯೇ ಒಂದು ಕಡೆಗೆ ವಾಲಿದಂತಾಗುತ್ತಿತ್ತು. ಗಂಗಕ್ಕನ ಮನೆಗೆ ಹೋಗಿ, ಎದುರಿಗೆ ಕೂತು, ಬಿಡಿಸಿ ಬಿಡಿಸಿ ಹೇಳಿದೆ. "ತಲೆಸುತ್ತು ಅಂತ ಹೇಳು ಗಂಗಕ್ಕ. ಎಣ್ಣೆ ಮುಂದೆ ಕಣ್ಣು ಕತ್ತಲೆ ಬರ್ತೈತೆ ಅಂತ ಹೇಳು. ಬೇರೆ ಏನೂ ಹೇಳ್ಬೇಡ." ಅವಳು ದಾರ ಕಚ್ಚಿ ತುಂಡು ಮಾಡಿ "ಹೂಂ" ಅಂದಳು.

ಆಸ್ಪತ್ರೆಯಲ್ಲಿ ಗಂಗಕ್ಕ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಇಷ್ಟು ಕಡಿಮೆ ಮಾತಾಡುವವಳಿಗೆ ತಲೆಸುತ್ತು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನನಗೆ ಆಗಲೇ ಅನುಮಾನ. ಆಮೇಲೆ ನನ್ನನ್ನು ಕರೆದರು. ಪ್ರಭುಲಿಂಗ ಡಾಕ್ಟರು ನನ್ನ ತಲೆಯನ್ನೂ ನೋಡಲಿಲ್ಲ, ಕಣ್ಣನ್ನೂ ನೋಡಲಿಲ್ಲ. "ಸಿಸ್ಟರ್, ಸ್ವಲ್ಪ ನೋಡಿ" ಅಂದರು. ಸೆಲೀನಾ ಸಿಸ್ಟರು ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ರವಿಕೆ ಬಿಚ್ಚಿಸಿ, ಎಡಗಡೆ ಎದೆಯನ್ನು, ಕಂಕುಳನ್ನು ಒತ್ತಿ ಒತ್ತಿ ನೋಡಿದರು. "ಕಂಕುಳ ಹತ್ರಾನೇ ಅಂದ್ರಲ್ಲ" ಎಂದು ತಮ್ಮಷ್ಟಕ್ಕೆ ಗೊಣಗಿದರು. ನಾಚಿಕೆಯಿಂದ ನನ್ನ ಮೈಯೆಲ್ಲ ಬೆಂಕಿಯಾಯಿತು. ಕೊನೆಗೆ ಡಾಕ್ಟರು "ಏನೂ ಇಲ್ಲ ಅಮ್ಮ, ಹೋಗಿ" ಅಂದರು. ಒಂದು ಮಾತ್ರೆಯನ್ನೂ ಬರೆಯಲಿಲ್ಲ. ನನ್ನ ಸರದಿ ಹಾಗೆ ಮಣ್ಣುಪಾಲಾಯಿತು.

ದಾರಿಯಲ್ಲಿ ಗಂಗಕ್ಕ ಮೊದಲ ಸಲ ತಾನಾಗಿ ಮಾತು ತೆಗೆದಳು. "ಏನಂದ್ರು?"

"ಎದೆ ಒತ್ತಿ ನೋಡಿದ್ರು. ಏನೂ ಇಲ್ವಂತೆ" ಎಂದು ಸಿಟ್ಟಿನಲ್ಲಿ ಅಂದೆ.

ಅವಳು ತಟ್ಟನೆ ಸೆರಗು ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! "ಏನೂ ಇಲ್ವಂತಾ? ನಿಜ್ವಾಗ್ಲೂ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಯಾರಿಗೂ ಕಾಸು ಬಿಚ್ಚದವಳು ನನಗೆ ಎಳನೀರು ಕೊಡಿಸಿದಳು. ಆ ಎಳನೀರು ನನ್ನ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಮರ್ಯಾದೆ ತೆಗೆಸಿ ಖುಷಿಪಡುತ್ತಿದ್ದಾಳೆ, ಇವಳಿಗೆ ನಾನೇನು ಮಾಡಿದ್ದೆ ಎಂದು ಮನೆಯವರೆಗೂ ಹಲ್ಲು ಕಡಿದುಕೊಂಡು ಬಂದೆ.

ಅಂದಿನಿಂದ ಅವಳ ಮೇಲೆ ಕಣ್ಣಿಟ್ಟೆ. ಬೋಂಡದ ಹಿಟ್ಟು ಕಲಸುವುದನ್ನೂ ಕಿಟಕಿಯ ಪಕ್ಕಕ್ಕೆ ತಂದುಕೊಂಡೆ. ಹಾಗೆ ನೋಡಿದರೆ ಅವಳ ನಡತೆಯಲ್ಲಿ ಅನುಮಾನಕ್ಕೆ ಬೇಕಾದಷ್ಟಿತ್ತು. ಬಟ್ಟೆ ಒಣಹಾಕುವಾಗ ಬೀದಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು, ಬಲಗೈ ಒಂದನ್ನೇ ಎತ್ತುತ್ತಿದ್ದಳು. ಊರಿಗೆಲ್ಲ ಮೈಗಂಟುವ ಹಾಗೆ ರವಿಕೆ ಹೊಲಿಯುವವಳು ತಾನು ಮಾತ್ರ ದೊಗಳೆ ರವಿಕೆ ತೊಟ್ಟಿದ್ದಳು. ಮೆಷಿನ್ ತುಳಿಯುತ್ತಿದ್ದವಳು ನಡುವೆ ನಿಲ್ಲಿಸಿ ಸೆರಗಿನೊಳಗೆ ಕೈ ಹಾಕಿ ಏನೋ ತಡಕಿ ನೋಡಿ, ಮತ್ತೆ ತುಳಿಯುತ್ತಿದ್ದಳು. ಅಲ್ಲಿ ಏನೋ ಬಚ್ಚಿಟ್ಟಿದ್ದಾಳೆ ಎಂದುಕೊಂಡೆ. ಡಾಕ್ಟರು ನನಗೆ ತಿಳಿಯದ ಹಾಗೆ ಬರೆದುಕೊಟ್ಟ ಮಾತ್ರೆಯನ್ನೇ ಇಸಿದುಕೊಂಡು ಅಲ್ಲಿ ಸೇರಿಸಿಟ್ಟಿರಬಹುದು ಅನ್ನುವವರೆಗೂ ಹೋಯಿತು ನನ್ನ ಯೋಚನೆ.

ನನ್ನ ಗಂಡ ಶಾಂತವೀರಪ್ಪ ಒಂದು ದಿನ ರೇಗಿದ. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತೆ. ಆ ಹೆಂಗ್ಸು ತನ್ನ ಪಾಡಿಗೆ ತಾನು ಹೊಲ್ಕೊಂಡು ಕೂತವ್ಳೆ, ನೀನು ಹಿಟ್ಟು ನೋಡ್ಕೊ."

"ಅವ್ಳು ನಿಮ್ಮ ಬಗ್ಗೆ ಒಳಗೆ ಏನ್ ಹೇಳವ್ಳೆ ಅಂತ ನಿಮ್ಗೇನ್ ಗೊತ್ತು?" ಅಂದೆ. ಗಂಡ ಎದ್ದು ಬೀದಿ ಕಡೆಯ ಕಿಟಕಿಯಿಂದ ದೂರ ಹೋಗಿ ಕೂತ.

ತಲೆಸುತ್ತು ಮಾತ್ರ ಹೆಚ್ಚುತ್ತಲೇ ಇತ್ತು. ಒಂದು ಸಂತೆಯ ದಿನ ಕಣ್ಣು ಕತ್ತಲೆ ಬಂದು ಕೈ ಬಾಣಲೆಯ ಅಂಚಿಗೆ ತಗುಲಿತು. ಗಿರಾಕಿಯೊಬ್ಬ ಹಿಡಿದು ಎಳೆಯದಿದ್ದರೆ ಮುಖವೇ ಎಣ್ಣೆಯಲ್ಲಿರುತ್ತಿತ್ತು. ಅಂಗೈ ಮೇಲೆ ಬೊಬ್ಬೆ ಎದ್ದಿತು. ಅಂದು ನಿಜವಾಗಿ ಹೆದರಿದೆ. ಮಾತ್ರೆ ಬೇಕೇ ಬೇಕು, ಆದರೆ ಆ ಬಾಯಿಯನ್ನು ನಂಬಿ ಮತ್ತೆ ಮೈಗಳ ಬೆಂಚಿನಲ್ಲಿ ಕೂರುವುದು ಸಾಧ್ಯವಿಲ್ಲ.

ಆ ವಾರವೇ ಗಂಗಕ್ಕ ನಮ್ಮ ಬಾಗಿಲಿಗೆ ಬಂದಳು. "ಮಂಡಿ ನೋವು ಕಣೇ ಚೆನ್ನಾಜಿ. ಮೆಷಿನ್ ತುಳಿಯೋಕಾಗ್ತಿಲ್ಲ. ಸೋಮವಾರ ಬಂದು ಹೇಳ್ತೀಯಾ?"

"ಅದಕ್ಕೇನು ಗಂಗಕ್ಕ, ಹೇಳೋಣ" ಅಂದೆ. ಅವಳ ಬೆನ್ನು ತಿರುಗುವುದರೊಳಗೆ ನನ್ನ ಉಪಾಯ ಸಿದ್ಧವಾಗಿತ್ತು. ಸೇರಿಗೆ ಸವ್ವಾ ಸೇರು. ಒಳಗೆ ಹೋಗಿ ಅವಳ ಹೆಸರಿನಲ್ಲಿ ನನ್ನ ತಲೆಸುತ್ತನ್ನು ಹೇಳುವುದು. ಕೌಂಟರಿನಲ್ಲಿ ತಲೆಸುತ್ತಿನ ಮಾತ್ರೆ ನನ್ನ ಕೈಗೇ ಬರುತ್ತದೆ. ಅವಳಿಗೆ "ಮಂಡಿಗೆ ಏನೂ ಕೊಡ್ಲಿಲ್ಲ" ಅಂದರಾಯಿತು. ನನ್ನ ಸರದಿ ತಿಂದವಳ ಸರದಿಯನ್ನು ನಾನು ತಿಂದರೆ ಪಾಪವೇನೂ ಇಲ್ಲ.

ಸೋಮವಾರ ಬಾಗಿಲು ಹಾಕಿಕೊಂಡು ಡಾಕ್ಟರ ಮುಂದೆ ಕೂತೆ. "ಸಿದ್ದಗಂಗಮ್ಮ ಅಂತ, ನಮ್ಮ ಎದುರು ಮನೆ. ಅವ್ಳಿಗೆ ತಲೆಸುತ್ತು ಸ್ವಾಮಿ. ಕೆಲ್ಸ ಮಾಡ್ತಾ ನಿಂತಾಗ ಕಣ್ಣು ಕತ್ತಲೆ ಬರ್ತೈತೆ..." ಎಂದು ಶುರುಮಾಡಿದೆ. ಮಾತು ನೀರಿನ ಹಾಗೆ ಬರುತ್ತಿತ್ತು. ಬರದೇ ಏನು, ನನ್ನದೇ ನೋವು ತಾನೇ! ಹೇಳುತ್ತಾ ಹೇಳುತ್ತಾ ಸುಖವಾಯಿತು. ಜೀವಮಾನದಲ್ಲಿ ಮೊದಲ ಸಲ ನನ್ನ ಕಾಯಿಲೆಯನ್ನು ನಾನೇ ಡಾಕ್ಟರಿಗೆ ಹೇಳುತ್ತಿದ್ದೆ, ಅವರು ಕುರ್ಚಿ ತಿರುಗಿಸದೆ ಕೇಳುತ್ತಿದ್ದರು. ಇನ್ನೊಬ್ಬಳ ಮೈಯಲ್ಲಿ ನನ್ನ ರೋಗ ಇಟ್ಟು ಕೇಳುವುದು ಎಷ್ಟು ಸುಲಭ! ಇಷ್ಟು ದಿನ ಇದು ಯಾರಿಗೂ ಹೊಳೆದಿಲ್ಲವಲ್ಲ ಅಂದುಕೊಂಡೆ.

ಹಾಗೆ ಅಂದುಕೊಂಡ ಕ್ಷಣವೇ ನನ್ನ ಮಾತು ನಿಂತುಹೋಯಿತು. ಯಾರಿಗೂ ಹೊಳೆದಿಲ್ಲ ಎಂದು ಹೇಗೆ ಹೇಳುವುದು? ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಗಂಗಕ್ಕ ಅಂದು ಒಳಗೆ ಅಷ್ಟು ಹೊತ್ತು ಕೂತದ್ದು ಯಾರ ನೋವನ್ನು ಹೇಳಲು? ಸಿಸ್ಟರು ನನ್ನ ಮೈಮೇಲೆ ಹುಡುಕಿದ್ದು ಯಾರ ಗಂಟನ್ನು? ದೊಗಳೆ ರವಿಕೆ, ಎತ್ತಲಾಗದ ಎಡಗೈ, ಸೆರಗಿನೊಳಗೆ ತಡಕುವ ಕೈ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಮುಂದೆ ಹೇಳಿ" ಅಂದರು ಡಾಕ್ಟರು.

"ತಲೆಸುತ್ತು ಅವ್ಳದಲ್ಲ ಸ್ವಾಮಿ, ನಂದು" ಅಂದೆ.

"ನಂದು" ಎಂದದ್ದೇ ತಡ, ಕುರ್ಚಿ ಕಿಟಕಿಯ ಕಡೆ ತಿರುಗಿತು. ಡಾಕ್ಟರ ಬೆನ್ನಿಗೇ ಹೇಳಿದೆ. "ಅವ್ಳದು ಎದೆ ಗಂಟು. ಎಡಗಡೆ, ಕಂಕುಳ ಹತ್ರ. ಅವ್ಳನ್ನ ಕರೆದು ನೋಡಿ."

ಬೆನ್ನು ಮಾತಾಡಿತು. "ಹೋದ ತಿಂಗಳು ಅವರು ನಿಮ್ಮ ಬಗ್ಗೆ ಇದನ್ನೇ ಹೇಳಿದ್ರು. ನೋಡಿದ್ರೆ ಏನೂ ಇರ್ಲಿಲ್ಲ. ಇವತ್ತು ನೀವು ಅವರ ಬಗ್ಗೆ ಹೇಳ್ತಾ ಇದೀರಿ. ಈಗ ತಾನೇ ತಲೆಸುತ್ತು ಅಂದ್ರಿ. ನೀವಿಬ್ರೂ ಸೇರಿ ಆಟ ಆಡ್ತಾ ಇದೀರಾ? ಸುಳ್ಳು ಹೇಳಿದ ಬಾಯಿನ ಒಂದು ವರ್ಷ ಕಟ್ಟಬೇಕಾಗುತ್ತೆ, ಗೊತ್ತು ತಾನೆ?"

ಬಾಯಿ ಕಟ್ಟಿದರೆ ಆ ವರ್ಷವಿಡೀ ನಾನು ಯಾರ ಪರವಾಗಿಯೂ ಹೇಳುವಂತಿಲ್ಲ. ಹೆಣ್ಣಿನ ಮೈಗೆ ಗಂಡಸು ಬಾಯಿಯಾಗುವಂತಿಲ್ಲ, ಗಂಗಕ್ಕನಿಗೆ ಬೇರೆ ಬಾಯಿಯೂ ಇಲ್ಲ. ಈಗ ಬಿಟ್ಟರೆ ಆ ಗಂಟನ್ನು ಒಂದು ವರ್ಷ ಯಾರೂ ಮುಟ್ಟಿ ನೋಡುವುದಿಲ್ಲ. "ಕಟ್ಟಿ ಸ್ವಾಮಿ, ಎರಡು ವರ್ಷ ಕಟ್ಟಿ" ಅಂದೆ. "ಅವ್ಳು ಒಂದೇ ಕೈಯಲ್ಲಿ ಬಟ್ಟೆ ಒಣಹಾಕ್ತಾಳೆ. ಗೇಣು ಅಗಲ ಹೆಚ್ಚಿಗೆ ಬಟ್ಟೆ ಬಿಟ್ಟು ರವಿಕೆ ಹೊಲ್ಕೊಂಡವ್ಳೆ. ಗಳಿಗೆಗೊಂದ್ಸಲ ಮುಟ್ಟಿ ನೋಡ್ಕೊಳ್ತಾಳೆ. ಕಿಟಕಿಯಿಂದ ದಿನಾ ನೋಡಿದೀನಿ. ನಾನು ಅವ್ಳ ಮೇಲಿನ ಪ್ರೀತಿಗೆ ನೋಡ್ದೋಳಲ್ಲ ಸ್ವಾಮಿ, ಕಳ್ಳಿ ಅಂತ ನೋಡಿದ್ದು. ಅದಕ್ಕೇ ಸರಿಯಾಗಿ ನೋಡಿದೀನಿ."

ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಮೈಯನ್ನ ಕಳಿಸಿ" ಅಂದರು.

ಗಂಗಕ್ಕ ಒಳಗೆ ಬಂದು ಸೀರೆಯನ್ನು ಮಂಡಿಯವರೆಗೆ ಎತ್ತಿ ನಿಂತಳು. ಸೆಲೀನಾ ಸಿಸ್ಟರು ಅವಳ ಭುಜ ಹಿಡಿದು ಪರದೆಯ ಹಿಂದೆ ಕರೆದುಕೊಂಡು ಹೋದರು. ನಾನು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ, ಬಾಗಿಲಲ್ಲೇ ನಿಂತೆ. ಸ್ವಲ್ಪದರಲ್ಲೇ ಪರದೆಯ ಹಿಂದಿನಿಂದ ಸಿಸ್ಟರ ದನಿ ಬಂತು. "ಡಾಕ್ಟ್ರೇ, ಇದೆ."

ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಜಗಲಿಗೆ ಬಂದ ಮೇಲೆ ಗಂಗಕ್ಕ ಯಾರೂ ಕೇಳಬಾರದ್ದನ್ನು ಕೇಳಿದಳು. "ಒಳಗೆ ಏನ್ ಹೇಳ್ದೆ ನೀನು?"

"ನನ್ನ ಮೈಮೇಲೆ ಇಟ್ಟು ನೀನು ಹೇಳಿದ್ದನ್ನೇ ಹೇಳ್ದೆ."

ಅವಳು ಕಂಬ ಹಿಡಿದುಕೊಂಡಳು. "ಅದನ್ನ ನಾನು ಹೇಳಿ ಆಗಿತ್ತಲ್ಲೇ ಚೆನ್ನಾಜಿ. ಡಾಕ್ಟ್ರು ಏನೂ ಇಲ್ಲ ಅಂದಿದ್ರಲ್ಲ."

ನನಗೆ ಬೈಯಬೇಕೆನಿಸಿತು, ಬೈಯಲಾಗಲಿಲ್ಲ. ಹೊರಗಿನವರು ಕೇಳಿದರೆ ನಗುತ್ತಾರೆ, ಇದೆಂಥ ದಡ್ಡತನ ಅನ್ನುತ್ತಾರೆ. ಆದರೆ ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ನಮಗೆ ಕಾಯಿಲೆ ಅನ್ನುವುದು ಮೈಯಲ್ಲಿರುವುದಲ್ಲ, ಹೇಳಿದ ಮಾತಿನಲ್ಲಿರುವುದು. ಮಾತು ಡಾಕ್ಟರ ಕಿವಿಗೆ ಬಿತ್ತು, ಡಾಕ್ಟರು ಏನೂ ಇಲ್ಲ ಅಂದರು, ಅಲ್ಲಿಗೆ ಆ ಗಂಟು ಇಲ್ಲ. ಕೈಗೆ ಸಿಕ್ಕರೂ ಇಲ್ಲ. ಎಳನೀರು ಕೊಡಿಸಿದ್ದು ಆ ಸಂತೋಷಕ್ಕೆ.

ನಮ್ಮಿಬ್ಬರ ಬಾಯಿಯನ್ನೂ ಡಾಕ್ಟರು ಒಂದು ವರ್ಷ ಕಟ್ಟಿದರು. ಗಂಟು ನಿಜವಾದರೂ ಸುಳ್ಳು ಸುಳ್ಳೇ ಅಂದರು. ಸೆಲೀನಾ ಸಿಸ್ಟರು ಮಾತ್ರ ನನ್ನನ್ನು ಔಷಧಿ ಕೋಣೆಯ ಮೂಲೆಗೆ ಕರೆದು, "ನೀವೇನೂ ಮಾತಾಡ್ಬೇಡಿ, ತೋಳು ಕೊಡಿ" ಎಂದು ಪಟ್ಟಿ ಸುತ್ತಿ ಬಿಪಿ ನೋಡಿದರು. ನೋಡಿ ಹುಬ್ಬು ಏರಿಸಿದರು. ಡಾಕ್ಟರ ಹತ್ತಿರ ಹೋಗಿ ತೋಳಿನ ಲೆಕ್ಕವನ್ನಷ್ಟೇ ಹೇಳಿ ಮಾತ್ರೆ ಬರೆಸಿ ತಂದುಕೊಟ್ಟರು. ಯಾವ ಬಾಯಿಯೂ ಇಲ್ಲದೆ ನನಗೆ ಔಷಧಿ ಸಿಕ್ಕಿತು. ಯಾರಿಗೂ ಹೇಳಬೇಡಿ ಅಂದರು, ಹೇಳಿಲ್ಲ.

ಜಿಲ್ಲಾ ಆಸ್ಪತ್ರೆಗೆ ಗಂಗಕ್ಕ ಗಂಡನನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋದಳು. ಬಾಯಿ ಇಲ್ಲದೆ ಆಸ್ಪತ್ರೆಗೆ ಹೋಗುವುದು ಅವಳಿಗೆ ಗೊತ್ತಿಲ್ಲ. ಕಟ್ಟಿದ ಬಾಯಾದರೂ ಸರಿ, ಪಕ್ಕದಲ್ಲಿರಲಿ ಅಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಮೌನವಾಗಿದ್ದಳು. ಈ ಮೌನದ ಹಿಂದೆ ಏನಿದೆಯೋ ಎಂದು ನಾನು ಅವಳನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ.

ಅಲ್ಲಿ ಒಬ್ಬ ಹೆಂಗಸು ಡಾಕ್ಟರು. ಬಾಯಿಯೂ ಮೈಯೂ ಒಟ್ಟಿಗೇ ಒಳಗೆ. "ಹೇಳಿ ಅಮ್ಮ" ಅಂದರು. ನಾನು ಸರಿಯಾಗಿ ಕೂತು ಶುರುಮಾಡಿದೆ, "ಇವಳು ಸಿದ್ದಗಂಗಮ್ಮ, ನಮ್ಮ ಎದುರು ಮನೆ..."

"ನೀವಲ್ಲ. ಅವರೇ ಹೇಳ್ಲಿ."

ಗಂಗಕ್ಕ ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಕುರ್ಚಿಯನ್ನು ನೋಡಿದಳು. ನಾನೂ ಅದನ್ನೇ ನೋಡುತ್ತಿದ್ದೆ, ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು. ತಿರುಗಲಿಲ್ಲ. ಡಾಕ್ಟರು ಕೆನ್ನೆಗೆ ಕೈ ಕೊಟ್ಟುಕೊಂಡು ಅವಳನ್ನೇ ನೋಡುತ್ತಾ ಕಾದರು.

"ಎಡಗಡೆ... ಗಂಟು" ಅಂದಳು ಗಂಗಕ್ಕ. ದನಿ ಅವಳದಲ್ಲ ಅನ್ನಿಸಿತು. "ಹೋದ ಗೌರಿ ಹಬ್ಬಕ್ಕೂ ಮುಂಚಿನಿಂದ."

"ಅಷ್ಟು ದಿನ ಯಾಕಮ್ಮ ಸುಮ್ನಿದ್ರಿ? ನಿಮ್ಮೂರಲ್ಲೇ ಆಸ್ಪತ್ರೆ ಇದೆಯಲ್ಲ?"

ಗಂಗಕ್ಕ ಸೆರಗಿನ ಅಂಚನ್ನು ಮಡಿಸಿದಳು. ಆಮೇಲೆ ನನ್ನ ಕಡೆ ತಿರುಗದೆ, ನಾನು ಅಲ್ಲಿಲ್ಲವೇನೋ ಅನ್ನುವ ಹಾಗೆ ಹೇಳಿದಳು. "ನಮ್ಮೂರಲ್ಲಿ ಇವ್ಳೇ ಹೇಳ್ಬೇಕು. ನನ್ನ ಮೂಲವ್ಯಾಧಿ ಬೋಂಡ ತಿನ್ನೋಕೆ ಬಂದೋರಿಗೆಲ್ಲ ಗೊತ್ತಾಯ್ತು. ಬಸ್ಸಿನ ಕಂಡಕ್ಟರು ಕೂಡ ಕೇಳ್ದ, ಈಗ ಹೆಂಗಿದೀಯಮ್ಮ ಅಂತ. ಇದನ್ನೂ ಹೆಂಗೆ ಕೊಡ್ಲಿ ಇವ್ಳ ಕೈಗೆ?"

ನಾನು ಬಾಯಿ ತೆರೆದೆ. ಹಾಗಲ್ಲ, ಯಾರೋ ಕೇಳಿದ್ದಕ್ಕೆ ಒಂದು ಮಾತು ಅಂದೆ, ತಮಾಷೆಗೆ ಅಂದೆ ಎಂದು ಹೇಳಬೇಕಿತ್ತು. ಆದರೆ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಒಳಗೆ ಏನು ಹೇಳುತ್ತಾಳೋ ಎಂದು ನಾನು ಹೆದರಿದ ಅಷ್ಟೂ ದಿನ ಅವಳು ನನಗೆ ಹೆದರಿಕೊಂಡು ಗಂಟು ಬೆಳೆಸಿಕೊಂಡಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಡಾಕ್ಟರು ನನ್ನನ್ನು ನೋಡಿ, "ನೀವು ಸ್ವಲ್ಪ ಹೊರಗೆ ಇರಿ" ಅಂದರು.

ಹೊರಗೆ ಬಾಗಿಲಿಗೆ ಅಂಟಿಕೊಂಡೇ ಒಂದು ಬೆಂಚಿತ್ತು. ಅದರ ಮೇಲೆ ಕೂತೆ. ಬಾಗಿಲು ತೆಳ್ಳಗಿತ್ತು. ಒಳಗೆ ಗಂಗಕ್ಕ ಮಾತಾಡುತ್ತಿದ್ದಳು. "ಹೂಂ" ಬಿಟ್ಟು ಬೇರೆ ಮಾತು ಗೊತ್ತಿಲ್ಲ ಎಂದು ನಾನು ತಿಳಿದಿದ್ದವಳು ನಿಲ್ಲಿಸದೆ ಮಾತಾಡುತ್ತಿದ್ದಳು, ನಡುವೆ ಅಳುತ್ತಿದ್ದಳು, ಮತ್ತೆ ಮಾತಾಡುತ್ತಿದ್ದಳು. ಒಂದು ಮಾತು ಕಿವಿಗೆ ಬಿತ್ತು, "ಹೆದ್ರಿಕೆ ಆಗ್ತೈತೆ ಡಾಕ್ಟ್ರಮ್ಮ." ಅದರ ಮುಂದಿನ ಮಾತೂ ಕೇಳಿಸುವುದರಲ್ಲಿತ್ತು. ನಾನು ಎದ್ದು, ಮಾತು ಕೇಳಿಸದಷ್ಟು ದೂರದ ಬೆಂಚಿಗೆ ಹೋಗಿ ಕೂತೆ.